ಬೊಲೋನ್ಯ, ಸಿಯೆನಾ, ಲೆಚ್ಚೆ: ಸಸ್ಯಾಹಾರಿಯ ಊಟಕ್ಕೆ ಯಾವ ಊರು ಲೇಸು?

ಮೊಟ್ಟೆಯನ್ನೂ ಮುಟ್ಟದ ಅಮ್ಮನೊಂದಿಗೆ ಇಟಲಿಯ ಮೂರು ಹಳೆಯ ಊರುಗಳಲ್ಲಿ ತಲಾ ಮೂರು ದಿನ ತಂಗಿ, ಎರಡು ಹೊತ್ತೂ ಹೊರಗೇ ಉಂಡ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಪಿಜ್ಜಾ ಎಲ್ಲ ಕಡೆ ಸಿಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆಯಾ ಊರಿನ ಸ್ವಂತ ಅಡುಗೆಯಲ್ಲಿ ನಮ್ಮಂಥವರಿಗೆ ಏನು ದಕ್ಕುತ್ತದೆ ಎಂಬುದಷ್ಟನ್ನೇ ನೋಡಿದ್ದೇನೆ. ಈ ಅಳತೆಯಲ್ಲಿ ಲೆಚ್ಚೆ ಮೊದಲು, ಸಿಯೆನಾ ಅದರ ಬೆನ್ನಿಗೆ, ಬೊಲೋನ್ಯ ಬಹಳ ಹಿಂದೆ.

ಬೊಲೋನ್ಯಕ್ಕೆ ಇಟಲಿಯವರು ಕೊಟ್ಟಿರುವ ಅಡ್ಡಹೆಸರೇ ‘ಲಾ ಗ್ರಾಸ್ಸಾ’, ಅಂದರೆ ಕೊಬ್ಬಿದವಳು. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಅಲ್ಲಿನ ಕಮಾನು ಮೊಗಸಾಲೆಗಳ ಕೆಳಗೆ ಎಷ್ಟು ನಡೆದರೂ ದಣಿವಾಗುವುದಿಲ್ಲ, ಆದರೆ ಊಟದ ಹೊತ್ತಿಗೆ ಚಿಂತೆ ಶುರುವಾಗುತ್ತದೆ. ಅಲ್ಲಿಯ ಪಾಸ್ತಾ ಹಿಟ್ಟನ್ನು ನೀರಿನ ಬದಲು ಮೊಟ್ಟೆಯಲ್ಲಿ, ನೂರು ಗ್ರಾಂ ಹಿಟ್ಟಿಗೆ ಒಂದರಂತೆ, ಕಲಸುತ್ತಾರೆ. ತೊರ್ತೆಲ್ಲಿನಿ ಎಂಬ ಪುಟ್ಟ ಕಡುಬಿನಂಥ ಪಾಸ್ತಾದ ಹೂರಣ ಹಂದಿಮಾಂಸದ್ದು, ಅದು ಬೇಯುವುದು ಮಾಂಸದ ಸಾರಿನಲ್ಲಿ. ರಿಕೋತ್ತಾ ಎಂಬ ಮೆತ್ತನೆಯ ಗಿಣ್ಣು (ಚೀಸ್) ತುಂಬಿ ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಹೊರಳಿಸಿದ, ಅದಕ್ಕಿಂತ ದೊಡ್ಡ ತೊರ್ತೆಲ್ಲೋನಿ ನನಗೆ ಹಿಡಿಸಿತು. ಹಿಟ್ಟಿನಲ್ಲಿ ಮೊಟ್ಟೆ ಇರುವುದರಿಂದ ಅಮ್ಮನಿಗೆ ಅದೂ ಇಲ್ಲ. ಮೇಲೆ ಉದುರಿಸುವ ಪಾರ್ಮಿಜಾನೊ ಗಿಣ್ಣಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಎಂಬುದು ತಿಳಿದ ಮೇಲೆ ಅವರು ಮೂರು ದಿನವೂ ಸುಟ್ಟ ತರಕಾರಿ ಮತ್ತು ಬ್ರೆಡ್ಡಿನಲ್ಲೇ ಕಳೆದರು.

ಸಿಯೆನಾದಲ್ಲಿ ಈ ಕಷ್ಟ ಅರ್ಧಕ್ಕರ್ಧ ಇಳಿಯಿತು. ಅಲ್ಲಿನ ಪೀಚಿ ಎಂಬ ದಪ್ಪ ಎಳೆಯ ಪಾಸ್ತಾಕ್ಕೆ ಸಾಮಾನ್ಯವಾಗಿ ಹಿಟ್ಟು ಮತ್ತು ನೀರೇ ಸಾಕು. ಒಂದು ಅಂಗಡಿಯಲ್ಲಿ ಹೆಂಗಸೊಬ್ಬರು ಹಿಟ್ಟಿನ ತುಂಡನ್ನು ಮರದ ಮಣೆಯ ಮೇಲಿಟ್ಟು, ಅಂಗೈಯಿಂದ ಉದ್ದಕ್ಕೆ ಹೊಸೆಯುವುದನ್ನು ಕಂಡು ಅಮ್ಮ, ‘ಕೋಡುಬಳೆಗೆ ಹೊಸೆದ ಹಾಗೇ ಇದೆಯಲ್ಲ’ ಎಂದರು. ಬೆಳ್ಳುಳ್ಳಿ ಮತ್ತು ಟೊಮೆಟೊ ಗೊಜ್ಜಿನ ಪೀಚಿಯನ್ನೂ, ಎಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಉದುರಿಸಿದ ಪೀಚಿಯನ್ನೂ ಗಿಣ್ಣಿಲ್ಲದೆ ಹಾಕಿಸಿಕೊಂಡು ಉಂಡೆವು. ಒಣಗಿದ ಹಳೆಯ ಬ್ರೆಡ್, ಬಿಳಿ ಹುರುಳಿಕಾಯಿ ಬೀಜ, ಕಪ್ಪು ಎಲೆಕೋಸಿನ ಸೊಪ್ಪು ಸೇರಿಸಿ ಮತ್ತೆ ಕುದಿಸುವ ರಿಬೊಲ್ಲೀತಾ ಹೊಟ್ಟೆ ತುಂಬಿಸುತ್ತದೆ, ಆದರೆ ಕೆಲವರು ರುಚಿಗೆಂದು ಮಾಂಸದ ಸಾರು ಬೆರೆಸುವುದರಿಂದ ಪ್ರತಿ ಸಲವೂ ವಿಚಾರಿಸಲೇಬೇಕು. ಸಿಯೆನಾ ಇರುವ ತೊಸ್ಕಾನಾ ಪ್ರಾಂತ್ಯದ ಉಪ್ಪಿಲ್ಲದ ಬ್ರೆಡ್ ಮಾತ್ರ ನನಗೆ ಕೊನೆಯವರೆಗೂ ಒಗ್ಗಲಿಲ್ಲ.

ಇನ್ನು ದಕ್ಷಿಣ ತುದಿಯ ಲೆಚ್ಚೆ. ಜೇನುಬಣ್ಣದ ಮೆದು ಸುಣ್ಣಕಲ್ಲಿನಲ್ಲಿ ಕೆತ್ತಿದ ಬರೋಕ್ ಚರ್ಚುಗಳ ಈ ಊರಿನ ಅಡುಗೆ ಮೂಲತಃ ಬಡವರ ಅಡುಗೆ. ಮಾಂಸವೂ ಮೊಟ್ಟೆಯೂ ದುಬಾರಿಯಾಗಿದ್ದ ಮನೆಗಳಲ್ಲಿ ಕಾಳು, ಸೊಪ್ಪು, ಗೋಧಿರವೆ ಮತ್ತು ಆಲಿವ್ ಎಣ್ಣೆಯೇ ಊಟವನ್ನು ಕಟ್ಟಿವೆ. ದಪ್ಪ ಅವರೆಯಂಥ ಫಾವಾ ಕಾಳನ್ನು ಬೆಣ್ಣೆಯಂತೆ ಬೇಯಿಸಿ ಮಸೆದು, ಪಕ್ಕದಲ್ಲಿ ಕಹಿ ಚಿಕೋರಿ ಸೊಪ್ಪನ್ನಿಟ್ಟು, ಮೇಲೆ ಹಸಿ ಎಣ್ಣೆ ಸುರಿದು ಕೊಡುತ್ತಾರೆ. ನಮ್ಮ ಕಾಫಿಪುಡಿಗೆ ಬೆರೆಸುವ ಬೇರು ಇದೇ ಜಾತಿಯ ಗಿಡದ್ದು. ಆ ಕಾಳಿನ ಸಿಹಿಗೆ ಸೊಪ್ಪಿನ ಕಹಿ ಎಷ್ಟು ಹೊಂದುತ್ತದೆಯೆಂದರೆ, ಮೂರು ಊರುಗಳಲ್ಲಿ ನಾನು ಉಂಡದ್ದರಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ.

ಎಚ್ಚರ ಇಲ್ಲಿಯೂ ಬೇಕು. ಒಂದು ರಾತ್ರಿ ಮಾಂಸವಿಲ್ಲ ಎಂಬ ಭರವಸೆಯ ಮೇಲೆ ತರಿಸಿದ, ಸೊಪ್ಪು ಹಾಕಿದ ಒರೆಕಿಯೆತ್ತೆ ಎಂಬ ಕಿವಿಯಾಕಾರದ ಪಾಸ್ತಾದಲ್ಲಿ ಉಪ್ಪುಮೀನು ಎಣ್ಣೆಯಲ್ಲಿ ಕರಗಿಹೋಗಿತ್ತು. ಬಡಿಸಿದವರದು ಮೋಸವಲ್ಲ, ಅವರ ಎಣಿಕೆಯಲ್ಲಿ ಮೀನು ಮಾಂಸವಲ್ಲ. ಅಂದಿನಿಂದ ‘ಸೆನ್ಸಾ ಕಾರ್ನೆ’ (ಮಾಂಸ ಬೇಡ) ಎಂಬುದರ ಜೊತೆಗೆ ‘ಸೆನ್ಸಾ ಅಚ್ಚೂಗೆ’ (ಉಪ್ಪುಮೀನು ಬೇಡ) ಎಂದೂ ತಪ್ಪದೆ ಹೇಳಿದೆವು. ಊರಿನ ಹೆಮ್ಮೆಯ ಪಸ್ತಿಚ್ಚೊತ್ತೊ ಎಂಬ ಸಿಹಿಯ ಹಿಟ್ಟಿಗೆ ಹಂದಿಕೊಬ್ಬು ಸೇರುವುದು ವಾಡಿಕೆಯಾದ್ದರಿಂದ ಅದನ್ನು ಬಿಟ್ಟು, ಬಾದಾಮಿ ಹಾಲು ಬೆರೆಸಿದ ತಣ್ಣನೆಯ ಕಾಫಿ ಕುಡಿದೆವು.

ಊಟದ ವೇಳೆಯ ವಿಚಾರದಲ್ಲಿ ಮೂರೂ ಊರು ಒಂದೇ: ಮಧ್ಯಾಹ್ನ ಎರಡೂವರೆಗೆ ಮುಚ್ಚಿದ ಒಲೆ ಏಳೂವರೆಯವರೆಗೆ ಸಾಮಾನ್ಯವಾಗಿ ಹೊತ್ತುವುದಿಲ್ಲ.

ಕೊನೆಯ ಮಧ್ಯಾಹ್ನ ಲೆಚ್ಚೆಯಲ್ಲಿ ಚೀಚೆರಿ ಎ ತ್ರಿಯಾ ತರಿಸಿದೆವು. ಕಡಲೆಕಾಳಿನ ಜೊತೆ ಬೆಂದ ರವೆ ಪಾಸ್ತಾದ ಮೇಲೆ ಅದೇ ಪಾಸ್ತಾದ ಒಂದು ಪಾಲನ್ನು ಸಂಡಿಗೆಯಂತೆ ಗರಿಗರಿಯಾಗಿ ಕರಿದು ಹರಡಿದ್ದರು. ಒಂಬತ್ತು ದಿನಗಳಲ್ಲಿ ಮೊದಲ ಬಾರಿಗೆ ಅಮ್ಮ ಏನನ್ನೂ ಬದಿಗೆ ಸರಿಸದೆ ಉಂಡು, ಇನ್ನೊಂದು ತಟ್ಟೆ ಹೇಳು ಎಂದರು.