ಸೇಂಟ್ ಆಲ್ಬನ್ಸ್‌ನಲ್ಲಿ ಮನೆ ಕೊಳ್ಳಹೊರಟವರಿಗೆ: ಮೈಸೂರಿನ ಫ್ಲ್ಯಾಟನ್ನು ಮರೆಯಬೇಡಿ

ಲಂಡನ್ನಿನಲ್ಲಿ ಕೆಲಸ ಮಾಡುತ್ತ, ದಿನವೂ ರೈಲಿನಲ್ಲಿ ಹೋಗಿಬರುವಷ್ಟು ದೂರದ ಊರೊಂದರಲ್ಲಿ ಸ್ವಂತ ಮನೆ ಮಾಡಿಕೊಳ್ಳಬೇಕೆಂದಿರುವ ಕನ್ನಡಿಗರು, ಮೊದಲ ಪೌಂಡ್ ಖರ್ಚು ಮಾಡುವುದಕ್ಕೂ ಮುಂಚೆ ಈ ಬರಹವನ್ನು ಓದಬೇಕೆಂದು ಕೋರುತ್ತೇನೆ. ಹರ್ಟ್‌ಫರ್ಡ್‌ಶೈರಿನ ಸೇಂಟ್ ಆಲ್ಬನ್ಸ್‌ನಲ್ಲಿ ಕಳೆದ ವರ್ಷ ನಮ್ಮ ಕುಟುಂಬ ಸಾವಿರಾರು ಪೌಂಡ್ ಕಳೆದುಕೊಂಡಿತು; ಮನೆಯೂ ಕೈತಪ್ಪಿತು.

ಆ ಊರಿಗೆ ಇರುವ ಬೆಲೆ ಅಕಾರಣವಾಗಿ ಬಂದದ್ದಲ್ಲ. ವೇಗದ ರೈಲು ಹತ್ತಿದರೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣಕ್ಕೆ ಸುಮಾರು 20 ನಿಮಿಷ. ರೋಮನ್ನರ ವೆರುಲೇಮಿಯಂ ನಗರದ ಗೋಡೆಯ ಅವಶೇಷಗಳು, ಅದೇ ಪಾಳುನಗರದ ಇಟ್ಟಿಗೆಗಳನ್ನು ಬಳಸಿ ನಾರ್ಮನ್ನರು ಕಟ್ಟಿದ ಕೆಥೆಡ್ರಲ್ ಗೋಪುರ, ಬುಧವಾರ ಮತ್ತು ಶನಿವಾರ ನಡುಬೀದಿಯಲ್ಲಿ ನೆರೆಯುವ ಸಂತೆ, ಇವೆಲ್ಲ ಇನ್ನೂ ದಿನನಿತ್ಯದ ಬದುಕಿನ ಭಾಗವಾಗಿವೆ. ಸುತ್ತಲಿನ ಬಹುಪಾಲು ನೆಲ ಹೊಸ ಕಟ್ಟಡಗಳಿಗೆ ಬಿಗಿಯಾದ ನಿರ್ಬಂಧವಿರುವ ಗ್ರೀನ್ ಬೆಲ್ಟ್‌ಗೆ ಸೇರಿದ್ದು, ಎಲ್ಲಿ ಏನನ್ನು ಕಟ್ಟಬಹುದೆಂದು ಹೇಳುವ, 1994ರಲ್ಲಿ ಅಂಗೀಕಾರವಾದ ಸ್ಥಳೀಯ ಯೋಜನೆಯೇ ಮೂವತ್ತು ವರ್ಷ ಕಳೆದರೂ ಜಾರಿಯಲ್ಲಿದ್ದುದರಿಂದ, ಹೊಸ ಮನೆಗಳು ಕಡಿಮೆಯಾಗಿ, ಇರುವ ಮನೆಗಳ ಮೇಲೆ ಎಲ್ಲರ ಕಣ್ಣೂ ಬಿದ್ದಿದೆ. ಊರಿನ ಚಹರೆಯನ್ನು ಉಳಿಸಿದ ಕಾರಣಗಳೇ ಬೆಲೆಯನ್ನೂ ಏರಿಸಿವೆ. ಆ ಚಹರೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದನ್ನು ತೋರಿಸಿ, "ಇಂಥದ್ದು ಮತ್ತೆ ಸಿಗುವುದಿಲ್ಲ, ಇಂದೇ ಹೇಳಿ" ಎಂದು ಕೊಳ್ಳುವವರನ್ನು ಅವಸರಪಡಿಸುವ ರೀತಿಯ ಬಗ್ಗೆ ಮಾತ್ರ ನನ್ನ ಆಕ್ಷೇಪವಿದೆ.

ವಿಕ್ಟೋರಿಯಾ ಕಾಲದ ಸಾಲುಮನೆಯೊಂದಕ್ಕೆ ನಾವು ಹೇಳಿದ 6,00,000 ಪೌಂಡ್ ಬೆಲೆಯನ್ನು ಮಾಲೀಕರು ಒಪ್ಪಿದರು. ಸ್ಟಾಂಪ್ ಡ್ಯೂಟಿ 20,000 ಪೌಂಡ್ ಆಗುತ್ತದೆ ಎಂದು ಏಜೆಂಟರು ಲೆಕ್ಕ ಹಾಕಿ ತೋರಿಸಿದರು. ಕಟ್ಟಡದ ಸ್ಥಿತಿಯನ್ನು ತಜ್ಞರು ಪರೀಕ್ಷಿಸುವ ಸರ್ವೇ ಮಾಡಿಸಿ, ಕೊಳ್ಳುವ ಕಾನೂನು ಕೆಲಸ ನೋಡಿಕೊಳ್ಳುವ ವಕೀಲರಾದ ಸಾಲಿಸಿಟರರನ್ನು ನೇಮಿಸಿ, ಆಸ್ತಿಯ ದಾಖಲೆಗಳ ಶೋಧಕ್ಕೆ ಹಣ ಕಟ್ಟಿ ಮುಗಿದ ಮೇಲೆ, ಬೇರೆ ದೇಶದಲ್ಲಿ ನಿಮಗೆ ಮನೆಯಿದೆಯೇ ಎಂದು ಸಾಲಿಸಿಟರರು ಕೇಳಿದರು. ಮೈಸೂರಿನಲ್ಲಿ ನನ್ನ ಹೆಂಡತಿಯ ಹೆಸರಿನಲ್ಲಿ ಒಂದು ಫ್ಲ್ಯಾಟ್ ಇತ್ತು. ಇಂಗ್ಲೆಂಡಿನ ಕಾನೂನು ಎರಡನೆಯ ಮನೆಯನ್ನು ಎಣಿಸುವಾಗ ಇಡೀ ಜಗತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ದಂಪತಿಗಳಲ್ಲಿ ಯಾರ ಹೆಸರಿನಲ್ಲಿದ್ದರೂ ಅದು ಇಬ್ಬರಿಗೂ ಅನ್ವಯಿಸುತ್ತದೆ. 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆ ಎಲ್ಲೇ ಇದ್ದರೂ, 2024ರ ಅಕ್ಟೋಬರ್ 31ರಿಂದ, ಕೊಳ್ಳುವ ಮನೆಯ ಪೂರ್ತಿ ಬೆಲೆಯ ಮೇಲೆ ಶೇಕಡಾ 5ರಷ್ಟು ಹೆಚ್ಚುವರಿ ತೆರಿಗೆ ಕಟ್ಟಬೇಕು. ನಮ್ಮ ಪಾಲಿಗೆ ಅದು ಇನ್ನೂ 30,000 ಪೌಂಡ್, ಒಟ್ಟು 50,000. ಆ ಫ್ಲ್ಯಾಟಿನಲ್ಲಿ ನಾವು ಎಂದೂ ವಾಸ ಮಾಡಿದವರಲ್ಲವಾದ್ದರಿಂದ, ಹಿಂದಿನ ವಾಸದ ಮನೆಯನ್ನು ಮೂರು ವರ್ಷದೊಳಗೆ ಮಾರಿದವರಿಗೆ ಸಿಗುವ ಮರುಪಾವತಿಯೂ ನಮಗೆ ಸಲ್ಲುವಂತಿರಲಿಲ್ಲ.

ಆ ಹಣವನ್ನು ಹೊಂದಿಸಲು ಕೆಲವು ವಾರಗಳು ಹಿಡಿದವು. ಅಷ್ಟರಲ್ಲಿ ಮತ್ತೊಬ್ಬರು ಹೆಚ್ಚು ಬೆಲೆ ಹೇಳಿದರು, ಮಾಲೀಕರು ಅವರಿಗೇ ಒಪ್ಪಿಕೊಂಡರು. ನಮ್ಮಲ್ಲಾದರೆ ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಂಡ ಮೇಲೆ, ಮಾರುವವರು ಮಾತು ತಪ್ಪಿದರೆ ಕೇಳಲು ಕೈಯಲ್ಲೊಂದು ಪತ್ರವಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎರಡೂ ಕಡೆಯವರು ಕರಾರುಪತ್ರ ವಿನಿಮಯ ಮಾಡಿಕೊಳ್ಳುವ ದಿನದವರೆಗೆ ಯಾರೂ ಯಾರಿಗೂ ಬದ್ಧರಲ್ಲ. ಸಾಮಾನ್ಯವಾಗಿ ಶೇಕಡಾ 10ರ ಮುಂಗಡ ಕೊಡುವುದೂ ಆ ದಿನವೇ. ಅದಕ್ಕೆ ಮುಂಚೆ ಬಾಯಲ್ಲಾಗಲಿ ಇ-ಮೇಲಿನಲ್ಲಾಗಲಿ ಬಂದ ಒಪ್ಪಿಗೆಗೆ ಕಾನೂನಿನ ಬಲವಿಲ್ಲ. ಸರ್ವೇಯ ಹಣ, ಶೋಧದ ಹಣ, ಸಾಲಿಸಿಟರರು ಅಷ್ಟರವರೆಗೆ ಮಾಡಿದ ಕೆಲಸದ ಹಣ, ಯಾವುದೂ ಹಿಂದಿರುಗಲಿಲ್ಲ. ಮಕ್ಕಳು ಆ ಮನೆಯ ಹತ್ತಿರದ ಶಾಲೆಯ ಹೆಸರನ್ನು ಆಗಲೇ ಮನೆಯಲ್ಲೆಲ್ಲ ಹೇಳಿಕೊಂಡು ಓಡಾಡುತ್ತಿದ್ದರು. ಅವರಿಗೆ ವಿಷಯ ತಿಳಿಸುವುದು ನಮಗೆ ಹಣ ಕಳೆದುದಕ್ಕಿಂತ ಕಷ್ಟವಾಯಿತು.

ಆದ್ದರಿಂದ ಸರ್ವೇಗೆ ಹಣ ಕಟ್ಟುವ ಮೊದಲೇ ಕೆಲವು ವಾರಗಳ ಕಾಲ ಬೇರೆಯವರೊಂದಿಗೆ ವ್ಯವಹರಿಸುವುದಿಲ್ಲವೆಂಬ ಬರಹದ ಒಪ್ಪಂದವನ್ನು ಮಾಲೀಕರಿಂದ ಕೇಳಿ, ಮಾರಾಟದ ಜಾಹೀರಾತನ್ನು ತೆಗೆಸಿ. ವ್ಯವಹಾರ ಮುರಿದುಬಿದ್ದರೆ ಇಂಥ ಖರ್ಚನ್ನು ಭರಿಸುವ ವಿಮೆಯೂ ಸಿಗುತ್ತದೆ; ಅದರ ಷರತ್ತುಗಳನ್ನು ಪೂರ್ತಿ ಓದಿ. ಸಂರಕ್ಷಿತ ಪಟ್ಟಿಯಲ್ಲಿರುವ ಹಳೆಯ ಮನೆಯಾದರೆ, ಹಿಂದಿನವರು ಅನುಮತಿಯಿಲ್ಲದೆ ಬದಲಿಸಿದ ಕಿಟಕಿ ಬಾಗಿಲುಗಳನ್ನು ಸರಿಪಡಿಸುವ ಹೊಣೆ ಹೊಸ ಮಾಲೀಕರ ಮೇಲೆಯೇ ಬೀಳಬಹುದು ಎಂಬುದೂ ನೆನಪಿರಲಿ. ಕೊಳ್ಳುವ ಮೊದಲಿನ 12 ತಿಂಗಳಲ್ಲಿ ಬ್ರಿಟನ್ನಿನಲ್ಲಿ 183 ದಿನ ಇರದವರಿಗೆ ಇನ್ನೂ ಶೇಕಡಾ 2ರಷ್ಟು ತೆರಿಗೆಯಿದೆ. ಊರಿನಲ್ಲಿರುವ ಫ್ಲ್ಯಾಟ್, ತಂದೆ ತಾಯಿಯಿಂದ ಬಂದ ಮನೆಯ ಪಾಲು, ಅಣ್ಣತಮ್ಮಂದಿರೊಂದಿಗೆ ಜಂಟಿಯಾಗಿರುವ ಆಸ್ತಿ, ಇವುಗಳ ದಾಖಲೆಗಳನ್ನು ಮನೆ ನೋಡಲು ಹೊರಡುವ ಮೊದಲೇ ಸಾಲಿಸಿಟರರ ಮುಂದಿಟ್ಟು, ತೆರಿಗೆಯ ಲೆಕ್ಕವನ್ನು ಅವರಿಂದ ಬರಹದಲ್ಲಿ ಪಡೆದುಕೊಳ್ಳಿ.