ಲೇಬಲ್ಲಿನಲ್ಲಿ ಗಂಧ, ಮೂಗಿನಲ್ಲಿ ಲ್ಯಾವೆಂಡರ್

ಶ್ರೀಗಂಧದ ಹೆಸರು ಹೊತ್ತ ಆ ಕೊಲೋನನ್ನು ಮೊದಲ ಸಲ ಮುಂಗೈಗೆ ಹಚ್ಚಿಕೊಂಡಾಗ ಮೋಸಹೋದೆ ಎನ್ನಿಸಿತ್ತು. ಮೂಗಿಗೆ ಬಡಿದದ್ದು ಲ್ಯಾವೆಂಡರ್. ಅದರ ಬೆನ್ನಿಗೇ ಜೆರೇನಿಯಂ ಎಲೆಯನ್ನು ಹೊಸಕಿದಂಥ ಹಸಿರು ಘಾಟು, ಒಂದಿಷ್ಟು ರೋಸ್ಮರಿ. ಕಲ್ಲಿನ ಮೇಲೆ ತೇಯ್ದ ಗಂಧದ ಕಂಪು ಗೊತ್ತಿರುವವನಿಗೆ ಅದರಲ್ಲಿ ಗಂಧದ ಸುಳಿವೇ ಸಿಗಲಿಲ್ಲ. ಬಾಟಲಿ ಕಪಾಟಿನ ಮೂಲೆ ಸೇರಿತು. ಅದನ್ನು ಮತ್ತೆ ಹೊರತೆಗೆದದ್ದು ಹಟಕ್ಕೆ. ಇನ್ನೆರಡು ಬಗೆಯ ಗಂಧಗಳನ್ನು ಪಕ್ಕದಲ್ಲಿಟ್ಟು, ಗಡ್ಡ ಹೆರೆದ ಮುಖಕ್ಕೆ ದಿನವೂ ಹೊಂದುವುದು ಯಾವುದು ಎಂದು ನೋಡಿಯೇಬಿಡೋಣ ಎನ್ನಿಸಿತು.

ಮೊದಲನೆಯದು ಇದೇ ಕೊಲೋನ್. ಲಂಡನ್ನಿನಲ್ಲಿ ಟ್ರೂಫಿಟ್ ಅಂಡ್ ಹಿಲ್ 1805ರಿಂದ, ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್ 1854ರಿಂದ, ಟ್ರಂಪರ್ 1875ರಿಂದ ಕ್ಷೌರದ ಸಾಮಾನಿನ ಜೊತೆಗೇ ಸುಗಂಧವನ್ನೂ ಮಾರಿಕೊಂಡು ಬಂದಿವೆ. ಅಂಥದೇ ಹಳೆಯ ಪರಂಪರೆ ಹೇಳಿಕೊಳ್ಳುವ ಒಂದು ಬ್ರಾಂಡಿನದು ನನ್ನ ಬಾಟಲಿ. ಎರಡನೆಯದು ಈ ಕಾಲದ ಓ ಡಿ ಪರ್ಫ್ಯೂಮ್, ಅಂದರೆ ಕೊಲೋನಿಗಿಂತ ಗಾಢವಾದ ಸುಗಂಧ. ಅದರ ಗಂಧದ ಬಹುಪಾಲು ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಮೂರನೆಯದು ಆಲ್ಕೋಹಾಲ್ ಇಲ್ಲದ, ಬರೀ ಶ್ರೀಗಂಧದ ಎಣ್ಣೆಯ ಪುಟ್ಟ ಸೀಸೆ. ಮೂರರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ದೂರುವುದೂ ಇದೆ, ಹೊಗಳುವುದೂ ಇದೆ. ಎರಡೂ ಆಯಾ ಬಗೆಗೆ ಸಂದರೆ ಸಾಕು.

ಒಂದೊಂದನ್ನೂ ಒಂದು ವಾರ ಒಂಟಿಯಾಗಿ ಬಳಸಿದೆ. ನಾಲ್ಕನೆಯ ವಾರ ಎಡಗೈಗೆ ಒಂದು, ಬಲಗೈಗೆ ಇನ್ನೊಂದು. ಸ್ನಾನಕ್ಕೆ ವಾಸನೆಯಿಲ್ಲದ ಸೋಪು. ಹಚ್ಚಿದ ಕೂಡಲೇ, ಅರ್ಧ ಗಂಟೆಗೆ, ಮೂರು ಗಂಟೆಗೆ, ಸಂಜೆಗೆ ಮೂಸಿ ನೋಡಿ ಬರೆದಿಟ್ಟೆ. ಮನೆಯವಳ ಮೂಗನ್ನೂ ಎರವಲು ಪಡೆದೆ. ಆ ಎರವಲು ಇಲ್ಲದಿದ್ದರೆ ನನ್ನ ತೀರ್ಪು ಅರ್ಧಕ್ಕರ್ಧ ತಪ್ಪಾಗುತ್ತಿತ್ತು.

ಕೊಲೋನಿನ ಬಗ್ಗೆ ನಾನು ತಪ್ಪಿದ್ದು ಎಲ್ಲಿ ಎಂದು ಮೊದಲು ಹೇಳಿಬಿಡುತ್ತೇನೆ. ಗಂಧಕ್ಕೆ ಅದರ ಗುಣ ಕೊಡುವ ಸ್ಯಾಂಟಲಾಲ್ ಭಾರವಾದ ಅಣು, ನಿಧಾನಕ್ಕೆ ಆವಿಯಾಗುತ್ತದೆ. ಲ್ಯಾವೆಂಡರಿನ ಲಿನಲೂಲ್ ಹಗುರ, ಮುಚ್ಚಳ ತೆಗೆಯುತ್ತಲೇ ಹಾರುತ್ತದೆ. ಹಾಗಾಗಿ ಅಂಗಡಿಯಲ್ಲಿ ನಿಂತು ಮೊದಲ ನಿಮಿಷದಲ್ಲಿ ಮೂಸಿದವನಿಗೆ ಗಂಧ ಸಿಗುವುದು ಕಷ್ಟ. ಸಾಲದ್ದಕ್ಕೆ ಕೊಲೋನ್ ಎಂಬ ಜಾತಿಯೇ ಹಗುರತನಕ್ಕೆ ಹುಟ್ಟಿದ್ದು. ಜರ್ಮನಿಯ ಕೊಲೋನ್ ಊರಿನಲ್ಲಿ 1709ರಲ್ಲಿ ಶುರುವಾದ ಫರೀನಾ ಮನೆತನದ ನಿಂಬೆಜಾತಿಯ ಸುಗಂಧಜಲದಿಂದ ಬಂದ ಹೆಸರು ಅದು. ಸಾಮಾನ್ಯವಾಗಿ ಅದರಲ್ಲಿ ಸುಗಂಧದ ಪಾಲು ನೂರಕ್ಕೆ 2ರಿಂದ 5; ಓ ಡಿ ಪರ್ಫ್ಯೂಮಿನಲ್ಲಿ 15ರಿಂದ 20. ಹಾರಿಹೋಗಲೆಂದೇ ಮಾಡಿದ ನೀರಿಗೆ ಕದಲದೆ ಕೂರುವ ಮರದ ಹೆಸರಿಟ್ಟಿದ್ದಾರೆ. ಈ ವಿರೋಧಾಭಾಸ ಅರ್ಥವಾದ ಮೇಲೆ ನನ್ನ ಸಿಟ್ಟು ಇಳಿಯಿತು.

ಅರ್ಧ ಗಂಟೆಗೆ ಲ್ಯಾವೆಂಡರ್ ಹಿಂದೆ ಸರಿದು ಒಣಹುಲ್ಲಿನಂಥ ಸಿಹಿ ಬಂತು. ಅದು ಕೂಮರಿನ್. 1882ರಲ್ಲಿ ಫ್ರಾನ್ಸಿನ ಸುಗಂಧ ತಯಾರಕ ಹೂಬಿಗಾಂ ತಂದ ಫೂಜೇರ್ ರೋಯಾಲ್ ಎಂಬ ಸುಗಂಧದಿಂದ ಗಂಡಸರ ಸುಗಂಧಗಳಲ್ಲಿ ಬೇರುಬಿಟ್ಟ ಲ್ಯಾವೆಂಡರ್ ಮತ್ತು ಕೂಮರಿನ್ ಜೋಡಿಯೇ ಇಲ್ಲಿಯೂ ಇದೆ. ಕ್ಷೌರದಂಗಡಿಯ ವಾಸನೆ ಎಂದು ನಾವು ಗುರುತಿಸುವುದು ಬಹುಮಟ್ಟಿಗೆ ಇದನ್ನೇ. ಗಂಧ ಕಾಣಿಸಿಕೊಂಡದ್ದು ಮೂರನೆಯ ಗಂಟೆಗೆ, ಅದೂ ಪಚೌಲಿಯ ಮಣ್ಣುವಾಸನೆಯ ಜೊತೆ, ಮಗ್ಗುಲಲ್ಲಿ ಕೂತ ನೆಂಟನ ಹಾಗೆ. ನಾಲ್ಕನೆಯ ಗಂಟೆಗೆ ಏನೂ ಇಲ್ಲ ಎಂದು ಬರೆದಿಟ್ಟೆ. ಸಂಜೆ ಅಂಗಿಯ ಕಾಲರು ಮೂಸಿದ ಮನೆಯವಳು, "ಇದೆಯಲ್ಲ, ಚೆನ್ನಾಗಿಯೇ ಇದೆ," ಎಂದಳು. ಇಡೀ ದಿನ ಅದೇ ವಾಸನೆಯಲ್ಲಿದ್ದ ನನ್ನ ಮೂಗು ದಣಿದು ಲೆಕ್ಕ ಬಿಟ್ಟಿತ್ತು, ಅಷ್ಟೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಆಗತಾನೇ ಗಡ್ಡ ಹೆರೆದ ಕೆನ್ನೆಗೆ ಇದು ಉರಿಯುತ್ತದೆ. ಕುತ್ತಿಗೆಯ ಹಿಂಭಾಗಕ್ಕೆ, ಎದೆಗೆ ಹಚ್ಚುವುದು ಜಾಣತನ.

ಓ ಡಿ ಪರ್ಫ್ಯೂಮಿನದು ತದ್ವಿರುದ್ಧ ಸ್ವಭಾವ. ಚಿಮುಕಿಸಿದ ಕ್ಷಣದಿಂದ ಗಂಧ, ಗಂಧ, ಗಂಧವೇ. ಜವನಾಲ್, ಎಬನಾಲ್, ಪಾಲಿಸ್ಯಾಂಟಾಲ್ ಎಂಬ ಕೃತಕ ಅಣುಗಳ ಕಾಲದಲ್ಲಿ ಮರವನ್ನು ಮುಟ್ಟದೆಯೇ ಇಷ್ಟು ದಟ್ಟ ಗಂಧ ಸಾಧ್ಯವಾಗಿದೆ. ಶ್ರೀಗಂಧದ ಮರ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಪಾಯಕ್ಕೊಡ್ಡಿಕೊಂಡ ಜಾತಿ ಎಂದಿರುವಾಗ ಇದನ್ನು ಕೀಳಾಗಿ ಕಾಣುವ ಹಾಗಿಲ್ಲ. ಆದರೆ ನನಗೆ ಅದರಲ್ಲೊಂದು ಲೋಹದ ಅಂಚು ಕಂಡಿತು, ಹಾಲಿನ ಪಾತ್ರೆಯ ಹಾಲಿಗಿಂತ ಪಾತ್ರೆಯೇ ಹೆಚ್ಚು ಎನ್ನುವ ಹಾಗೆ. ಇನ್ನೂ ವಿಚಿತ್ರವೆಂದರೆ ಅದು ನನ್ನ ಮೂಗಿಗೆ ಬಂದು ಹೋಗಿ ಮಾಡುತ್ತಿತ್ತು. ಹತ್ತು ನಿಮಿಷ ಇಲ್ಲವೇ ಇಲ್ಲ, ತಲೆ ತಿರುಗಿಸಿದರೆ ಧುತ್ತೆಂದು ಪ್ರತ್ಯಕ್ಷ. ಕೆಲವು ಗಂಧದ ಅಣುಗಳಿಗೆ ಕೆಲವರ ಮೂಗು ಕುರುಡು, ನನ್ನದೂ ಅರೆಗುರುಡಿರಬೇಕು. ಸಾಲದು ಎಂದುಕೊಂಡು ಮೂರನೆಯ ದಿನ ಇನ್ನೆರಡು ಸಲ ಹೆಚ್ಚು ಚಿಮುಕಿಸಿಕೊಂಡೆ. ಕಚೇರಿಯಲ್ಲಿ ಪಕ್ಕದ ಮೇಜಿನ ಗೆಳೆಯ, "ನೀವು ಲಿಫ್ಟಿನಿಂದ ಇಳಿಯುವ ಮೊದಲೇ ನೀವು ಬಂದಿರಿ," ಎಂದ. ರಾತ್ರಿಯವರೆಗೂ ಅದು ಹೋಗಲಿಲ್ಲ. ಉಳಿಯುವಿಕೆಗೆ ಪೂರ್ತಿ ಅಂಕ, ಸಂಕೋಚಕ್ಕೆ ಸೊನ್ನೆ.

ಎಣ್ಣೆಯ ಬಗ್ಗೆ ಹೇಳುವುದು ಕಡಿಮೆ, ಅದು ಮಾತು ಕಡಿಮೆಯವರ ಹಾಗೆಯೇ ಇದೆ. ಹಚ್ಚಿದಾಗ ಬಹುತೇಕ ಏನೂ ಇಲ್ಲ. ಮೈಯ ಬಿಸಿ ತಾಗುತ್ತ ಕೆನೆಯಂಥ, ತುಸು ಹುಳಿಯಾದ, ಮೆತ್ತನೆಯ ಕಂಪು ಏಳುತ್ತದೆ, ಅಪ್ಪಿಕೊಂಡವರಿಗೆ ಮಾತ್ರ ಗೊತ್ತಾಗುವಷ್ಟು. ಬೆಳಿಗ್ಗೆಯದು ರಾತ್ರಿಗೂ ಹಾಗೆಯೇ ಇರುತ್ತದೆ, ಬದಲಾಗುವುದೇ ಇಲ್ಲ. ನಾನು ಬಾಲ್ಯದಿಂದ ಗಂಧ ಎಂದುಕೊಂಡದ್ದು ಇದನ್ನೇ. ಆದರೆ ಬೆಳಿಗ್ಗೆ ಗಡ್ಡ ಹೆರೆದ ಮೇಲೆ ಬೇಕಾಗುವ ಚುರುಕು, ತಣ್ಣನೆಯ ಎಚ್ಚರ ಇದರಲ್ಲಿಲ್ಲ. ಬಿಳಿ ಅಂಗಿಗೆ ಕಲೆಯೂ ಆಯಿತು. ಕಲಬೆರಕೆಯ ಭಯ ಬೇರೆ. ಕಾಗದದ ಮೇಲೆ ಹನಿ ಬಿಟ್ಟು, ಕಲೆ ಉಳಿಯದೆ ಆರಿದರೆ ಶುದ್ಧ ಎನ್ನುವ ಪರೀಕ್ಷೆಯನ್ನು ನಂಬಬೇಡಿ, ಶುದ್ಧ ಗಂಧದ ಎಣ್ಣೆಯೇ ಬೇಗ ಆರುವಂಥದಲ್ಲ. ಅಂತರರಾಷ್ಟ್ರೀಯ ಮಾನದಂಡದಂತೆ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಶೇ. 16ರಿಂದ 24 ಇರಬೇಕು. ಅದು ತಿಳಿಯುವುದು ಪ್ರಯೋಗಾಲಯದ ವರದಿಯಿಂದ. ವರದಿ ತೋರಿಸಲಾರದವರ ಸೀಸೆಯನ್ನು ನಾನಂತೂ ಮುಟ್ಟುವುದಿಲ್ಲ.

ಗಂಧವೇ ಬೇಕೆಂದರೆ ಎಣ್ಣೆ, ಅದರಲ್ಲಿ ಎರಡು ಮಾತಿಲ್ಲ. ಕೊಲೋನಿನಲ್ಲಿ ಗಂಧ ಎಲ್ಲಕ್ಕಿಂತ ಕಡಿಮೆ. ಹಾಗಿದ್ದೂ ಮೂರರಲ್ಲಿ ಮೊದಲು ಖಾಲಿಯಾದ ಬಾಟಲಿ ಅದೇ. ದಿನವೂ ಕೈ ಅದರತ್ತಲೇ ಹೋಗುತ್ತಿತ್ತು. ಈಗ ಎದೆಗೆ ಎಣ್ಣೆಯ ಒಂದು ಹನಿ, ಐದು ನಿಮಿಷ ಬಿಟ್ಟು ಅದರ ಮೇಲೆ ಕೊಲೋನ್ ಹಚ್ಚುತ್ತೇನೆ. ಮೂರನೆಯ ಗಂಟೆಗೆ ಲ್ಯಾವೆಂಡರ್ ಹೋದಾಗ ಅಡಿಯಲ್ಲಿ ನಿಜವಾದ ಗಂಧ ಕಾದು ಕೂತಿರುತ್ತದೆ. ಓ ಡಿ ಪರ್ಫ್ಯೂಮನ್ನು ಪಕ್ಕದ ಮೇಜಿನ ಗೆಳೆಯನಿಗೇ ಕೊಟ್ಟುಬಿಟ್ಟೆ. ನಾಲ್ಕು ಅಡಿ ದೂರದಿಂದ, ಬೇರೆಯವರ ಮೈಮೇಲೆ, ಅದು ಬಹಳ ಚೆನ್ನಾಗಿದೆ.