ನಾಯಿಯ ಚೆಂಡು: ಬಾಯಿಯ ಅಳತೆಗೆ ಸರಿಹೊಂದುವುದು ಯಾವುದು?

ನಮ್ಮ ಲ್ಯಾಬ್ರಡಾರ್‌ಗೆ ಈಗ ನಾಲ್ಕು ವರ್ಷ. ಅದು ಇಲ್ಲಿಯವರೆಗೆ ಕಚ್ಚಿ, ಸಿಗಿದು, ಕಳೆದುಹಾಕಿದ ಚೆಂಡುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಕೆಲವು ಬಗೆಗಳನ್ನು ಸಾಕಷ್ಟು ದಿನ ಬಳಸಿ ನೋಡಿದ ಮೇಲೆ ನನಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರಂತೆ ನಾನೂ ಟೆನಿಸ್ ಚೆಂಡಿನಿಂದಲೇ ಆರಂಭಿಸಿದೆ. ಅದು ಹಗುರ, ಚೆನ್ನಾಗಿ ಪುಟಿಯುತ್ತದೆ, ಎಲ್ಲೆಡೆ ಸಿಗುತ್ತದೆ. ಆದರೆ ಅದರ ವ್ಯಾಸ ಸುಮಾರು 6.5ರಿಂದ 6.9 ಸೆಂ.ಮೀ. ಮಾತ್ರ. ಮಧ್ಯಮ ಗಾತ್ರದ ನಾಯಿಗೆ ಇಷ್ಟು ಸಾಕಾಗಬಹುದು. ನಮ್ಮ ನಾಯಿಯ ಬಾಯಿಗೆ ಸಾಲಲಿಲ್ಲ. ಒಂದು ಸಂಜೆ ಅದು ಚೆಂಡನ್ನು ಹಿಡಿದು ಓಡಿಬಂದಾಗ ತುಟಿಗಳು ಪೂರ್ತಿ ಮುಚ್ಚಿಕೊಂಡಿದ್ದವು, ಚೆಂಡು ಹೊರಗೆ ಕಾಣುತ್ತಲೇ ಇರಲಿಲ್ಲ. ಕೋರೆಹಲ್ಲುಗಳನ್ನು ದಾಟಿ ಒಳಕ್ಕೆ ಸರಿದ ಚೆಂಡು ಜೊಲ್ಲಿನಿಂದ ನುಣುಪಾಗಿ ಗಂಟಲಿಗೆ ಜಾರಿದರೆ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ, ಗಾಬರಿಯಲ್ಲಿ ಕೈ ಹಾಕಿ ಎಳೆಯಹೋದರೆ ಅದು ಇನ್ನಷ್ಟು ಒಳಕ್ಕೆ ಹೋಗಲೂಬಹುದು. ಅಂದು ಏನೂ ಆಗಲಿಲ್ಲ, ತಾನಾಗಿಯೇ ಉಗುಳಿತು. ಅಂದಿನಿಂದ ನಾನು ನೋಡುವುದು ಇಷ್ಟೇ: ನಾಯಿ ಕಚ್ಚಿ ಹಿಡಿದಾಗ ಚೆಂಡಿನ ಅರ್ಧದಷ್ಟಾದರೂ ಹೊರಗೆ ಕಾಣಬೇಕು. ಪೊಟ್ಟಣದ ಮೇಲಿನ ‘ದೊಡ್ಡದು’ ಎಂಬ ಮಾತನ್ನು ನಂಬುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಯಾವ ನಾಯಿಗೆ ದೊಡ್ಡದು ಎಂಬುದನ್ನು ಅದು ಹೇಳುವುದಿಲ್ಲ.

ಟೆನಿಸ್ ಚೆಂಡಿನ ಇನ್ನೊಂದು ದೋಷ ಅದರ ಹೊದಿಕೆಯಲ್ಲಿದೆ. ಆ ಒರಟು ಬಟ್ಟೆಯಲ್ಲಿ ಮಣ್ಣು, ಮರಳು ಸೇರಿಕೊಂಡರೆ ಅದು ಉಪ್ಪುಕಾಗದದಂತೆ ಹಲ್ಲನ್ನು ಉಜ್ಜುತ್ತದೆ. ಗಂಟೆಗಟ್ಟಲೆ ಅಗಿಯುವ ನಾಯಿಗಳ ಕೋರೆಹಲ್ಲಿನ ತುದಿ ಕ್ರಮೇಣ ಮೊಂಡಾಗುತ್ತದೆ. ಎಸೆದು ತರಿಸುವುದಕ್ಕೆ ಮಾತ್ರ ಬಳಸಿ, ಆಟ ಮುಗಿದ ಕೂಡಲೇ ಎತ್ತಿಡುವುದಾದರೆ ನನ್ನ ಆಕ್ಷೇಪವಿಲ್ಲ.

ಆಮೇಲೆ ತಂದದ್ದು ಒತ್ತಿದರೆ ಕೀಚೆನ್ನುವ ಮೆದು ಪ್ಲಾಸ್ಟಿಕ್ ಚೆಂಡು. ಮೂರನೆಯ ದಿನವೇ ಅದು ಸೀಳಿ, ಸದ್ದು ಮಾಡುವ ಗುಂಡಿ ಹೊರಬಂದಿತ್ತು. ನಾನು ಸೋಫಾದ ಕೆಳಗೆ ಮಂಡಿಯೂರಿ ಚೂರುಗಳನ್ನು ಒಂದೊಂದಾಗಿ ಜೋಡಿಸಿ, ಯಾವುದೂ ಹೊಟ್ಟೆಗೆ ಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಯಿತು. ನುಂಗಿದ್ದರೆ ಕರುಳು ಕಟ್ಟಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದಿತ್ತು. ಇದಕ್ಕೆ ತದ್ವಿರುದ್ಧವಾದ ಗಟ್ಟಿ ನೈಲಾನ್ ಚೆಂಡು ಒಡೆಯುವುದಿಲ್ಲ ನಿಜ, ಆದರೆ ಹಲ್ಲು ಒಡೆಯುತ್ತದೆ. ಉಗುರಿನಿಂದ ಒತ್ತಿದಾಗ ಸ್ವಲ್ಪವೂ ತಗ್ಗದ ಚೆಂಡನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು. ತಿನಿಸು ತುಂಬುವ ಚೆಂಡಾದರೆ ತೂತುಗಳನ್ನು ಎಣಿಸಿ: ಒಂದೇ ತೂತಿದ್ದರೆ ನೆಕ್ಕುವಾಗ ಒಳಗಿನ ಗಾಳಿ ಹೊರಹೋಗಿ ನಾಲಗೆ ಸಿಕ್ಕಿಕೊಂಡು ಊದಿಕೊಳ್ಳುವ ಅಪಾಯವಿದೆ, ಎರಡಿದ್ದರೆ ಗಾಳಿಯಾಡುತ್ತದೆ.

ಕೊನೆಗೆ ನಮ್ಮಲ್ಲಿ ಉಳಿದುಕೊಂಡದ್ದು ಚಕಿಟ್ ಅಲ್ಟ್ರಾ ಬಾಲ್. ರಬ್ಬರಿನದು, ಹೊದಿಕೆಯಿಲ್ಲ, ತೊಳೆಯುವುದು ಸುಲಭ, ನೀರಿನಲ್ಲಿ ತೇಲುತ್ತದೆ. ಮಧ್ಯಮ ಗಾತ್ರದ್ದು ಸುಮಾರು 6.4 ಸೆಂ.ಮೀ. ಇರುವುದರಿಂದ ಅದನ್ನು ಬಿಟ್ಟು, 7.6 ಸೆಂ.ಮೀ.ನ ದೊಡ್ಡದನ್ನೇ ಆರಿಸಿಕೊಂಡೆ. ಕಿತ್ತಳೆಯ ಜೊತೆಗಿರುವ ನೀಲಿ ಬಣ್ಣ ಅಲಂಕಾರಕ್ಕಷ್ಟೇ ಅಲ್ಲ. ನಾಯಿಗಳು ನೀಲಿ ಮತ್ತು ಹಳದಿಯನ್ನು ಚೆನ್ನಾಗಿ ಗುರುತಿಸುತ್ತವೆ, ಹುಲ್ಲಿನ ಮೇಲಿನ ಕೆಂಪು ಚೆಂಡು ಕಣ್ಣೆದುರಿದ್ದರೂ ಅವು ಮೂಗಿನಿಂದ ಹುಡುಕಬೇಕಾಗುತ್ತದೆ. ಅಗಿಯಲು ಇದನ್ನೂ ಬಿಟ್ಟುಕೊಡುವುದಿಲ್ಲ, ಬಿರುಕು ಕಂಡ ದಿನವೇ ಎಸೆಯುತ್ತೇನೆ.

ಪಕ್ಕದ ಮನೆಯ ಬೀಗಲ್ ತನ್ನ ಪುಟ್ಟ ಚೆಂಡಿನೊಂದಿಗೆ ಆಡಲು ಬರುತ್ತದೆ. ಅದಕ್ಕೆ ಆ ಚೆಂಡು ಸರಿಯಾದದ್ದೇ, ಆದರೆ ನಮ್ಮ ನಾಯಿಯನ್ನು ಹೊರಗೆ ಬಿಡುವ ಮುನ್ನ ನಾನು ಅದನ್ನು ಕಿಸೆಗೆ ಹಾಕಿಕೊಳ್ಳುತ್ತೇನೆ.